ಪ್ರತಿನಾಯಕನ ಕ್ಷುದ್ರ ಮರಣ: ಟೋಲ್ಕೀನ್‌ನ ಸರುಮಾನ್ ಮತ್ತು ಓದುಗರ ನಿರಾಶೆ

1. ಸಮಸ್ಯೆಯ ಸ್ವರೂಪ

ಕಥೆಯುದ್ದಕ್ಕೂ ಭಯ ಹುಟ್ಟಿಸುತ್ತ ಬಂದ ಪ್ರತಿನಾಯಕನು ಕೊನೆಯಲ್ಲಿ ತನ್ನ ಎತ್ತರಕ್ಕೆ ತಕ್ಕುದಲ್ಲದ ಸಾವನ್ನು ಪಡೆದಾಗ ಓದುಗರು ನಿರಾಶರಾಗುತ್ತಾರೆ. ವಾಸ್ತವವಾದಿ ಕಾದಂಬರಿಯಲ್ಲಿ ಈ ನಿರಾಶೆ ಅಷ್ಟು ತೀವ್ರವಲ್ಲ. ಅಲ್ಲಿ ಕೇಡು ಮನುಷ್ಯರ ಸ್ವಭಾವದಲ್ಲಿ, ಮನೆತನದ ಹಟದಲ್ಲಿ, ಹಣದ ವ್ಯವಹಾರದಲ್ಲಿ, ಸಮಾಜದ ಕಟ್ಟುಪಾಡುಗಳಲ್ಲಿ ಹಂಚಿಹೋಗಿರುತ್ತದೆ. ಒಬ್ಬನ ಸಾವಿನಿಂದ ಅದು ಮುಗಿಯುತ್ತದೆಂದು ಯಾರೂ ನಂಬಿರುವುದಿಲ್ಲ. ಫ್ಯಾಂಟಸಿ ಕಥನವಾದರೋ ಕೇಡಿಗೆ ಒಂದು ದೇಹವನ್ನೂ ಒಂದು ಗೋಪುರವನ್ನೂ ಒಂದು ಸೈನ್ಯವನ್ನೂ ಕೊಡುತ್ತದೆ. ಹೀಗೆ ಕಣ್ಣಿಗೆ ಕಾಣುವಂತೆ ಬೆಳೆದ ಕೇಡು ಕಣ್ಣಿಗೆ ಕಾಣುವಂತೆಯೇ ಉರುಳಬೇಕೆಂಬ ನಿರೀಕ್ಷೆ ಸಹಜವಾದುದು. ಆ ನಿರೀಕ್ಷೆ ಈಡೇರದಿದ್ದಾಗ ಲೇಖಕನು ಓದುಗನಿಗೆ ಸಲ್ಲಬೇಕಾದುದನ್ನು ಸಲ್ಲಿಸಲಿಲ್ಲವೆಂಬ ಆಕ್ಷೇಪ ಹುಟ್ಟುತ್ತದೆ.

ಈ ಆಕ್ಷೇಪಕ್ಕೆ ಎರಡು ಬಗೆಯ ಉತ್ತರಗಳು ರೂಢಿಯಲ್ಲಿವೆ. ಮೊದಲನೆಯದು, ಅದನ್ನು ರಚನೆಯ ದೋಷವೆಂದು ಒಪ್ಪಿಕೊಂಡು ಮುಂದೆ ಸಾಗುವುದು. ಎರಡನೆಯದು, ಲೇಖಕನು ಉದ್ದೇಶಪೂರ್ವಕವಾಗಿಯೇ ಹಾಗೆ ಮಾಡಿದನೆಂದು ಸಮರ್ಥಿಸುವುದು. ಎರಡೂ ಅವಸರದ ಉತ್ತರಗಳೇ. ಮೊದಲನೆಯದು ಕೃತಿಯನ್ನು ಪೂರ್ಣವಾಗಿ ಓದುವ ಶ್ರಮವನ್ನು ತಪ್ಪಿಸುತ್ತದೆ. ಎರಡನೆಯದು ಓದುಗನ ಅನುಭವವನ್ನೇ ಅಲ್ಲಗಳೆಯುತ್ತದೆ. ನಿರಾಶೆಯೂ ಒಂದು ಓದಿನ ಅನುಭವವೇ ಆದ್ದರಿಂದ ಅದು ಕೃತಿಯ ಯಾವ ಅಂಗದಿಂದ, ಯಾವ ಕಾರಣದಿಂದ ಹುಟ್ಟಿತೆಂಬುದನ್ನು ವಿಮರ್ಶೆ ವಿವರಿಸಬೇಕಾಗುತ್ತದೆ.

ಜೆ.ಆರ್.ಆರ್. ಟೋಲ್ಕೀನ್‌ನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954-55) ಕೃತಿಯಲ್ಲಿ ಬರುವ ಸರುಮಾನ್ ಎಂಬ ಮಾಂತ್ರಿಕನ ಸಾವು ಈ ವಿವರಣೆಗೆ ಸೂಕ್ತವಾದ ನಿದರ್ಶನ. ಯುದ್ಧವೆಲ್ಲ ಮುಗಿದ ಮೇಲೆ, ಒಂದು ಹಳ್ಳಿಯ ಮನೆಯ ಬಾಗಿಲಲ್ಲಿ, ತನ್ನದೇ ಸೇವಕನ ಚೂರಿಗೆ ಕತ್ತು ಕೊಯ್ಯಿಸಿಕೊಂಡು ಅವನು ಸಾಯುತ್ತಾನೆ. ಈ ಸಾವು ನಿರಾಶೆ ಹುಟ್ಟಿಸುವುದು ನಿಜ. ಆದರೆ ಆ ನಿರಾಶೆಯಲ್ಲಿಯೇ ಕೃತಿಯ ಒಂದು ಮುಖ್ಯ ವಿಚಾರ ನೆಲೆಗೊಂಡಿದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಹಾಗೆಂದು ಇಂತಹ ಸಾವುಗಳೆಲ್ಲವೂ ಸಮರ್ಥನೀಯವಲ್ಲ. ಇವೆರಡನ್ನು ಬೇರ್ಪಡಿಸಿ ನೋಡುವ ಮಾನದಂಡಗಳೂ ಅಗತ್ಯ.

2. ನಿರೀಕ್ಷೆಯ ಮೂಲ

ಪ್ರತಿನಾಯಕನ ಸಾವು ಭವ್ಯವಾಗಿರಬೇಕೆಂಬ ನಿರೀಕ್ಷೆ ಎಲ್ಲಿಂದ ಬಂದಿತು ಎಂಬುದಕ್ಕೆ ಭಾರತೀಯ ಕಾವ್ಯಮೀಮಾಂಸೆಯಲ್ಲಿ ಸ್ಪಷ್ಟವಾದ ಒಂದು ಉತ್ತರವಿದೆ. ದಂಡಿಯು ‘ಕಾವ್ಯಾದರ್ಶ’ದ ಮೊದಲ ಪರಿಚ್ಛೇದದಲ್ಲಿ ಮಹಾಕಾವ್ಯದ ಲಕ್ಷಣಗಳನ್ನು ಹೇಳುವಾಗ ನಾಯಕನ ಉತ್ಕರ್ಷವನ್ನು ನಿರೂಪಿಸುವ ಎರಡು ಮಾರ್ಗಗಳನ್ನು ಸೂಚಿಸುತ್ತಾನೆ. ನಾಯಕನ ಗುಣಗಳನ್ನು ಮೊದಲು ಸ್ಥಾಪಿಸಿ ಆಮೇಲೆ ಶತ್ರುವಿನ ನಿರಾಕರಣವನ್ನು ಹೇಳುವುದು ಒಂದು ಮಾರ್ಗ. ಶತ್ರುವಿನ ವಂಶ, ವೀರ್ಯ, ವಿದ್ಯೆಗಳನ್ನು ವರ್ಣಿಸಿ, ಅಂತಹವನನ್ನು ಗೆದ್ದ ನಾಯಕನ ಹಿರಿಮೆಯನ್ನು ತೋರಿಸುವುದು ಇನ್ನೊಂದು; ಇದೂ ತನಗೆ ಸಂತೋಷವನ್ನುಂಟುಮಾಡುತ್ತದೆ ಎಂಬುದು ದಂಡಿಯ ಅಭಿಪ್ರಾಯ. ಕನ್ನಡದ ಮೊದಲ ಲಾಕ್ಷಣಿಕ ಗ್ರಂಥವಾದ ‘ಕವಿರಾಜಮಾರ್ಗ’ವು ಹಲವು ವಿಚಾರಗಳಲ್ಲಿ ದಂಡಿಗೆ ಋಣಿಯಾಗಿರುವುದರಿಂದ ಈ ಚಿಂತನೆ ಕನ್ನಡ ವಿದ್ವತ್ತಿಗೆ ಹೊರಗಿನದಲ್ಲ.

ಈ ಎರಡನೆಯ ಮಾರ್ಗದ ತರ್ಕ ಸರಳವಾದುದು. ಶತ್ರು ದೊಡ್ಡವನಾದಷ್ಟೂ ಗೆಲುವು ದೊಡ್ಡದು. ಆದ್ದರಿಂದ ಶತ್ರುವಿನ ಸಾವು ನಾಯಕನ ಕೀರ್ತಿಯ ಅಳತೆಗೋಲು. ಆಧುನಿಕ ಫ್ಯಾಂಟಸಿಯ ಓದುಗರು ಕಾವ್ಯಾದರ್ಶವನ್ನು ಓದಿರಬೇಕಾಗಿಲ್ಲ. ವೀರಕಥನವೆಂಬ ಪ್ರಕಾರವೇ ಈ ಅಳತೆಗೋಲನ್ನು ಅವರ ಕೈಗೆ ಕೊಟ್ಟಿರುತ್ತದೆ. ಕ್ಷುದ್ರವಾದ ಸಾವು ಈ ಲೆಕ್ಕವನ್ನು ಕೆಡಿಸುತ್ತದೆ. ಅಲ್ಲಿ ಶತ್ರು ಮಾತ್ರವಲ್ಲ, ಗೆಲುವೂ ಸಣ್ಣದಾಗಿ ಕಾಣುತ್ತದೆ. ಓದುಗರ ನಿರಾಶೆಯ ಬೇರು ಇಲ್ಲಿದೆ.

3. ಅವನತಿಯ ಮೆಟ್ಟಿಲುಗಳು

ಸರುಮಾನ್ ಕೃತಿಯಲ್ಲಿ ಪ್ರವೇಶಿಸುವುದು ದಂಡಿ ಹೇಳಿದ ಗುಣಗಳನ್ನೆಲ್ಲ ಹೊತ್ತ ವ್ಯಕ್ತಿಯಾಗಿ. ಅವನು ಮಾಂತ್ರಿಕರ ಗಣಕ್ಕೆ ಹಿರಿಯ, ಬಿಳಿಯ ಉಡುಪಿನವನು, ಉಂಗುರಗಳ ವಿದ್ಯೆಯಲ್ಲಿ ಪಾರಂಗತ, ವಿವೇಕಿಗಳ ಸಭೆಯ ಮುಖ್ಯಸ್ಥ. ಗ್ಯಾಂಡಾಲ್ಫ್ ಕೂಡ ಸಲಹೆಗಾಗಿ ಅವನ ಬಳಿಗೆ ಹೋಗುತ್ತಾನೆ. ಐಸೆನ್‌ಗಾರ್ಡ್ ಎಂಬ ಕೋಟೆ, ಅದರ ನಡುವಿನ ಓರ್ಥಾಂಕ್ ಗೋಪುರ, ಓರ್ಕ್‌ಗಳ ಸೇನೆ ಅವನಿಗಿವೆ. ಇವೆಲ್ಲಕ್ಕಿಂತ ಮಿಗಿಲಾದುದು ಅವನ ದನಿ. ಕೇಳಿದವರನ್ನು ಒಲಿಸುವ, ಒಪ್ಪದವರನ್ನು ಅವಿವೇಕಿಗಳಂತೆ ಕಾಣಿಸುವ ದನಿ ಅದು.

ಇಂತಹವನು ಒಮ್ಮೆಲೇ ಬೀಳುವುದಿಲ್ಲ. ಕೃತಿಯು ಅವನನ್ನು ಒಂದೊಂದೇ ಮೆಟ್ಟಿಲು ಕೆಳಗಿಳಿಸುತ್ತದೆ. ಮೊದಲು ಎಂಟ್‌ಗಳೆಂಬ ವೃಕ್ಷಪಾಲಕರು ಐಸೆನ್‌ಗಾರ್ಡನ್ನು ಧ್ವಂಸಮಾಡುತ್ತಾರೆ. ಕುಲುಮೆಗಳಿಗಾಗಿ ಅವನು ಕಡಿಸಿದ ಮರಗಳೇ ಈ ಆಕ್ರೋಶಕ್ಕೆ ಕಾರಣ. ಅನಂತರ ಗ್ಯಾಂಡಾಲ್ಫ್ ಅವನಿಗೆ ಹೊರಬರುವ ಅವಕಾಶ ನೀಡುತ್ತಾನೆ. ಅವನು ನಿರಾಕರಿಸಿದಾಗ ಅವನ ದಂಡ ಮುರಿಯುತ್ತದೆ, ಗಣದಿಂದಲೂ ಸಭೆಯಿಂದಲೂ ಅವನು ಹೊರಹಾಕಲ್ಪಡುತ್ತಾನೆ. ಸೌರಾನ್ ನಾಶವಾದ ಮೇಲೆ ಊರಿಗೆ ಹಿಂದಿರುಗುವ ದಾರಿಯಲ್ಲಿ ಗೆದ್ದವರ ತಂಡಕ್ಕೆ ಅವನು ಎದುರಾಗುವುದು ಹರಕು ಬಟ್ಟೆಯ ಭಿಕ್ಷುಕನಾಗಿ. ಮೆರಿ ಎಂಬ ಹಾಬಿಟ್ ಕೊಟ್ಟ ಹೊಗೆಸೊಪ್ಪಿನ ಚೀಲವನ್ನು ಅವನು ಕೃತಜ್ಞತೆಯಿಲ್ಲದೆ ಕಿತ್ತುಕೊಳ್ಳುತ್ತಾನೆ. ಆ ಭೇಟಿಯಲ್ಲಿಯೂ ಅವನಿಗೆ ಸಹಾಯದ ಮಾತು ಬರುತ್ತದೆ, ಆಗಲೂ ಅವನು ಒಪ್ಪುವುದಿಲ್ಲ. ಅವನು ಇನ್ನೂ ಸಣ್ಣ ರೀತಿಯ ಕೇಡು ಮಾಡಬಲ್ಲನೆಂಬ ಗ್ಯಾಂಡಾಲ್ಫನ ಎಚ್ಚರಿಕೆ ಬರುವುದು ಈ ಸಂದರ್ಭದಲ್ಲಿಯೇ.

ಆ ಎಚ್ಚರಿಕೆ ನಿಜವಾಗುವುದು ಆರನೆಯ ಪುಸ್ತಕದ ಎಂಟನೆಯ ಅಧ್ಯಾಯದಲ್ಲಿ. ಹಾಬಿಟ್‌ಗಳ ನಾಡಾದ ಶೈರ್ ಅಷ್ಟರಲ್ಲಿ ಶಾರ್ಕಿ ಎಂಬ ಅಡ್ಡಹೆಸರಿನ ಯಜಮಾನನ ಕೈಗೆ ಸಿಕ್ಕಿರುತ್ತದೆ. ಮರಗಳನ್ನು ಸುಮ್ಮನೆ ಕಡಿದುರುಳಿಸಲಾಗಿದೆ. ಹಳೆಯ ಗಿರಣಿಯ ಜಾಗದಲ್ಲಿ ಎದ್ದ ಹೊಸ ಗಿರಣಿ ಹೊಗೆ ಕಾರುತ್ತ ನೀರನ್ನು ಕೆಡಿಸುತ್ತಿದೆ. ಬೆಳೆದ ಧಾನ್ಯ ಲೆಕ್ಕದ ಹೆಸರಿನಲ್ಲಿ ಮಾಯವಾಗುತ್ತಿದೆ. ಗೋಡೆಗಳ ಮೇಲೆ ನಿಯಮಗಳ ಪಟ್ಟಿ ತೂಗುತ್ತಿದೆ. ಈ ಶಾರ್ಕಿಯೇ ಸರುಮಾನ್. ಭೂಮಂಡಲವನ್ನು ಆಳಬಯಸಿದವನು ಈಗ ತನ್ನನ್ನು ಸೋಲಿಸಿದವರ ಮನೆಯಂಗಳವನ್ನು ಕೆಡಿಸುವುದರಲ್ಲಿ ತೃಪ್ತಿ ಕಾಣುತ್ತಿದ್ದಾನೆ. ಅವನು ಐಸೆನ್‌ಗಾರ್ಡಿನಲ್ಲಿ ಮಾಡಿದ್ದೂ ಮರ ಕಡಿಯುವ ಕೆಲಸವೇ, ಶೈರಿನಲ್ಲಿ ಮಾಡಿದ್ದೂ ಅದೇ. ಮೊದಲು ಆ ಕೆಲಸಕ್ಕೆ ಒಂದು ಸಾಮ್ರಾಜ್ಯದ ಗುರಿಯಿತ್ತು. ಈಗ ಕೇಡಲ್ಲದೆ ಬೇರೆ ಗುರಿಯಿಲ್ಲ. ಮೊದಲಿನ ಕೇಡಿನ ಒಳಗಿದ್ದದ್ದು ಇಷ್ಟೇ ಎಂಬುದು ಎರಡನೆಯದರಲ್ಲಿ ಬಯಲಾಗುತ್ತದೆ.

1960ರ ದಶಕದ ಮಧ್ಯಭಾಗದಲ್ಲಿ ಬಂದ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಟೋಲ್ಕೀನ್ ಈ ಅಧ್ಯಾಯದ ಬಗೆಗೆ ಪ್ರತ್ಯೇಕವಾಗಿ ಬರೆದಿದ್ದಾನೆ. ಅದು ಯುದ್ಧೋತ್ತರ ಇಂಗ್ಲೆಂಡಿನ ಸಾಂಕೇತಿಕ ಚಿತ್ರವಲ್ಲವೆಂದೂ, ಕಥಾವಸ್ತುವಿನ ಅವಶ್ಯ ಅಂಗವಾಗಿ ಆರಂಭದಿಂದಲೇ ಯೋಚಿಸಿದ್ದೆಂದೂ, ಸರುಮಾನನ ಪಾತ್ರ ಬೆಳೆದ ರೀತಿಗೆ ಅನುಸಾರವಾಗಿ ಮಾರ್ಪಟ್ಟಿತೆಂದೂ ಅವನ ಹೇಳಿಕೆ. ತಾನು ಬಾಲ್ಯದಲ್ಲಿ ಕಂಡ ನಾಡು ಹತ್ತು ವರ್ಷ ತುಂಬುವ ಮೊದಲೇ ಹಾಳಾಗತೊಡಗಿದ್ದನ್ನೂ ಅವನು ಅಲ್ಲಿ ನೆನೆದಿದ್ದಾನೆ. ಬರ್ಮಿಂಗ್‌ಹ್ಯಾಮ್ ಬಳಿಯ ಸೇರ್‌ಹೋಲ್ ಎಂಬ ಹಳ್ಳಿಯಲ್ಲಿ 1896ರಿಂದ 1900ರವರೆಗೆ ಅವನು ಬೆಳೆದದ್ದನ್ನು ಇಲ್ಲಿ ಸ್ಮರಿಸಬಹುದು. ಆ ಹಳ್ಳಿಯಲ್ಲಿಯೂ ಒಂದು ಗಿರಣಿಯಿತ್ತು.

4. ಬ್ಯಾಗ್ ಎಂಡ್‌ನ ಬಾಗಿಲಲ್ಲಿ

ಸಾವಿನ ಸನ್ನಿವೇಶವನ್ನು ವಿವರವಾಗಿ ಗಮನಿಸಬೇಕು. ಬೈವಾಟರ್ ಎಂಬಲ್ಲಿ ನಡೆದ ಕಾಳಗದಲ್ಲಿ 19 ಮಂದಿ ಹಾಬಿಟ್‌ಗಳೂ ಸುಮಾರು 70 ಮಂದಿ ದುರುಳರೂ ಸತ್ತಿದ್ದಾರೆ. ಅದಾದ ಮೇಲೆ ಫ್ರೋಡೊ ತನ್ನ ಮನೆಯಾದ ಬ್ಯಾಗ್ ಎಂಡ್‌ಗೆ ಬರುತ್ತಾನೆ. ಬಾಗಿಲಲ್ಲಿ ಸರುಮಾನ್ ನಿಂತಿದ್ದಾನೆ. ಜನ ಅವನನ್ನು ಕೊಲ್ಲಬೇಕೆನ್ನುತ್ತಾರೆ. ತನ್ನ ರಕ್ತ ಬಿದ್ದರೆ ನಾಡು ಬಾಡುತ್ತದೆಂದು ಅವನು ಶಪಿಸುತ್ತಾನೆ. ಆ ಶಾಪದಲ್ಲಿ ಶಕ್ತಿಯಿಲ್ಲ, ಉಳಿದಿರುವುದು ದನಿಯೊಂದೇ ಎಂದು ಫ್ರೋಡೊ ತಿಳಿಸಿ, ಸೇಡಿನಿಂದ ಯಾವ ಗಾಯವೂ ಮಾಯದೆಂಬ ಕಾರಣಕ್ಕೆ ಅವನನ್ನು ಹೋಗಗೊಡುತ್ತಾನೆ. ಹಾದುಹೋಗುವಾಗ ಸರುಮಾನ್ ಚೂರಿಯಿಂದ ಇರಿಯುತ್ತಾನೆ. ಒಳಗಿದ್ದ ಕವಚಕ್ಕೆ ತಾಗಿ ಚೂರಿ ಮುರಿಯುತ್ತದೆ. ಆಗಲೂ ಫ್ರೋಡೊ ಕೊಲ್ಲಬಿಡುವುದಿಲ್ಲ. ಇವನು ಒಂದು ಕಾಲದಲ್ಲಿ ದೊಡ್ಡವನಾಗಿದ್ದನೆಂದೂ, ಇವನನ್ನು ಗುಣಪಡಿಸುವುದು ತಮ್ಮ ಅಳವಲ್ಲವಾದರೂ ಗುಣವಾಗಲೆಂದು ಬಿಟ್ಟುಕೊಡಬೇಕೆಂದೂ ಅವನ ನಿಲುವು.

ಈ ಕ್ಷಮೆಯೇ ಸರುಮಾನನನ್ನು ಹೆಚ್ಚು ನೋಯಿಸುತ್ತದೆ. ತನ್ನ ಸೇಡಿನ ಸವಿಯನ್ನು ಈ ಕರುಣೆ ಕಸಿದುಕೊಂಡಿತೆಂದು ಅವನು ದ್ವೇಷಿಸುತ್ತಾನೆ. ಹೊರಡುವಾಗ ಅವನ ಹಿಂದೆ ತೆವಳುತ್ತ ಬರುವವನು ಗ್ರೀಮಾ ವರ್ಮ್‌ಟಂಗ್. ಇವನಿಗೂ ಫ್ರೋಡೊ ಆಶ್ರಯ ಕೊಡಲು ಮುಂದಾಗುತ್ತಾನೆ; ಗ್ರೀಮಾ ಒಂದು ಕ್ಷಣ ನಿಲ್ಲುತ್ತಾನೆ. ಆಗ ಸರುಮಾನ್, ಲೋಥೊ ಎಂಬ ಹಾಬಿಟ್‌ನನ್ನು ಕೊಂದವನು ಇವನೇ ಎಂದು ಎಲ್ಲರೆದುರು ಹೇಳಿ, ನಕ್ಕು, ಮುಖಕ್ಕೆ ಒದೆಯುತ್ತಾನೆ. ಗ್ರೀಮಾ ಒಳಗೆ ಏನೋ ಹರಿದುಹೋಗುತ್ತದೆ. ಅವನು ಚೂರಿ ಹಿರಿದು ಯಜಮಾನನ ಬೆನ್ನಿಗೆ ಹಾರಿ ಕತ್ತು ಕೊಯ್ಯುತ್ತಾನೆ. ಓಡುವಾಗ, ಫ್ರೋಡೊ ಬಾಯಿ ತೆರೆಯುವ ಮೊದಲೇ, ಮೂರು ಬಾಣಗಳಿಗೆ ತಾನೂ ಬಲಿಯಾಗುತ್ತಾನೆ.

ಇದಿಷ್ಟು ನಡೆಯುವುದು ಕೆಲವೇ ವಾಕ್ಯಗಳಲ್ಲಿ. ಆದರೆ ಇದಕ್ಕೆ ಸಿದ್ಧತೆ ಬಹಳ ಹಿಂದೆಯೇ ನಡೆದಿದೆ. ಓರ್ಥಾಂಕ್ ಗೋಪುರದಿಂದ ಗ್ರೀಮಾ ಭಾರವಾದ ಹರಳುಗೋಳವೊಂದನ್ನು ಕೆಳಗೆಸೆದಾಗ ಅದು ಯಾರಿಗೂ ತಾಗುವುದಿಲ್ಲ. ಗ್ಯಾಂಡಾಲ್ಫ್, ಸರುಮಾನ್ ಇಬ್ಬರಲ್ಲಿ ತಾನು ಹೆಚ್ಚು ದ್ವೇಷಿಸುವುದು ಯಾರನ್ನೆಂಬುದು ಅವನಿಗೇ ತೀರ್ಮಾನವಾಗದೆ ಗುರಿ ತಪ್ಪಿರಬೇಕೆಂಬ ಊಹೆಯನ್ನು ಅಲ್ಲಿನ ಪಾತ್ರವೇ ಮಾಡುತ್ತದೆ. ಭಿಕ್ಷುಕರಾಗಿ ಎದುರಾದಾಗಲೂ ಸರುಮಾನ್ ಅವನನ್ನು ಕೋಲಿನಿಂದ ಹೊಡೆಯುತ್ತಾನೆ. ಓರ್ಥಾಂಕಿನಲ್ಲಿ ಗುರಿ ತಪ್ಪಿದ ಆ ದ್ವೇಷ ಬ್ಯಾಗ್ ಎಂಡ್‌ನ ಬಾಗಿಲಲ್ಲಿ ಗುರಿ ಮುಟ್ಟುತ್ತದೆ. ಹೀಗೆ ಈ ಸಾವು ಅನಿರೀಕ್ಷಿತವೆನಿಸಿದರೂ ಅಕಾರಣವಲ್ಲ.

ಸಾವಿನ ಬಳಿಕದ ಚಿತ್ರ ಇನ್ನೂ ಗಮನಾರ್ಹ. ದೇಹದ ಸುತ್ತ ಬೂದು ಮಂಜು ಕವಿದು, ಹೊಗೆಯಂತೆ ಮೇಲೆದ್ದು, ಮಸುಕಾದ ಆಕೃತಿಯಾಗಿ ಪಶ್ಚಿಮದ ಕಡೆ ತಿರುಗಿ ನಿಲ್ಲುತ್ತದೆ. ಅಲ್ಲಿಂದ ಬೀಸಿದ ತಣ್ಣನೆಯ ಗಾಳಿಗೆ ಅದು ಬಾಗಿ, ನಿಟ್ಟುಸಿರಿನೊಂದಿಗೆ ಕರಗಿಹೋಗುತ್ತದೆ. ಇದೇ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ ಸೌರಾನ್ ನಾಶವಾದಾಗಲೂ ಆಕಾಶವನ್ನು ತುಂಬುವ ಒಂದು ಕರಿನೆರಳು ಎದ್ದು, ಬೆದರಿಸುವ ಕೈ ಚಾಚಿ, ಗಾಳಿಗೆ ಚದುರಿಹೋಗಿತ್ತು. ಎರಡೂ ಚಿತ್ರಗಳ ವಿನ್ಯಾಸ ಒಂದೇ. ಅಳತೆ ಮಾತ್ರ ಬೇರೆ. ಜಗತ್ತಿನ ವೈರಿಗೂ ಒಂದು ಹಳ್ಳಿಯ ಪೀಡಕನಿಗೂ ಒಂದೇ ಬಗೆಯ ಅಂತ್ಯವನ್ನು ಕೊಡುವುದರ ಮೂಲಕ, ಗಾತ್ರವು ಕೇಡಿನ ಹೊರಕವಚವಷ್ಟೇ ಎಂದು ಕೃತಿ ಸೂಚಿಸುತ್ತದೆ. ಯಾವುದೂ ಆರಂಭದಲ್ಲಿ ಕೆಟ್ಟದ್ದಾಗಿರುವುದಿಲ್ಲ, ಸೌರಾನನೂ ಹಾಗಿರಲಿಲ್ಲ ಎಂಬ ಎಲ್‌ರಾಂಡನ ಮಾತು ಇದಕ್ಕೆ ಪೂರಕ. ಕೇಡು ತನ್ನದೇ ಆದ ಸತ್ತ್ವವಿಲ್ಲದ, ಒಳಿತಿನ ಕ್ಷಯದಿಂದ ಉಂಟಾಗುವ ಒಂದು ಕೊರತೆ ಎಂಬ ಬೊಯೆಥಿಯಸ್‌ನ ಚಿಂತನೆಯನ್ನು ಟಾಮ್ ಶಿಪ್ಪಿ ‘ದಿ ರೋಡ್ ಟು ಮಿಡ್ಲ್-ಅರ್ತ್’ (1982) ಗ್ರಂಥದಲ್ಲಿ ಟೋಲ್ಕೀನ್‌ನ ಓದಿಗೆ ಅನ್ವಯಿಸಿದ್ದಾನೆ. ಕೇಡು ಹೊರಗಿನ ನಿಜವಾದ ಶಕ್ತಿಯೆಂಬ ಇನ್ನೊಂದು ನೋಟವೂ ಕೃತಿಯಲ್ಲಿ ಜೊತೆಗಿದೆ ಎಂಬುದನ್ನೂ ತೋರಿಸಿದ್ದಾನೆ. ಸರುಮಾನನ ಸಾವಿನಲ್ಲಿ ಮೊದಲನೆಯ ನೋಟವೇ ಮೇಲುಗೈ ಪಡೆದಿದೆ. ಕೊರತೆಯಾಗಿ ಉಳಿದವನು ಭವ್ಯವಾಗಿ ಸಾಯಲಾರ.

5. ದುರ್ಯೋಧನನೊಡನೆ ಒಂದು ಹೋಲಿಕೆ

ಎಲ್ಲವನ್ನೂ ಕಳೆದುಕೊಂಡ ಪ್ರತಿನಾಯಕನು ಸಣ್ಣವನಾಗಿಯೇ ಸಾಯಬೇಕೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಕನ್ನಡದ ಓದುಗರಿಗೆ ಇದಕ್ಕೆ ವಿರುದ್ಧವಾದ ಪ್ರಬಲ ನಿದರ್ಶನವೊಂದು ಪರಿಚಿತವಾಗಿದೆ. ಟೋಲ್ಕೀನ್‌ಗೂ ಹಳಗನ್ನಡ ಕಾವ್ಯಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಕನ್ನಡ ಓದುಗರ ನಿರೀಕ್ಷೆಯನ್ನು ರೂಪಿಸಿದ ಕೃತಿ ಎಂಬ ಕಾರಣಕ್ಕೆ ರನ್ನನ ‘ಗದಾಯುದ್ಧ’ವನ್ನು ಇಲ್ಲಿ ನೆನೆಯುವುದು ಉಚಿತ.

ಗದಾಯುದ್ಧದ ದುರ್ಯೋಧನನೂ ಸರುಮಾನನಂತೆ ಎಲ್ಲವನ್ನೂ ಕಳೆದುಕೊಂಡವನು. ಸೈನ್ಯ ಅಳಿದಿದೆ, ತಮ್ಮಂದಿರು ಅಳಿದಿದ್ದಾರೆ, ಗೆಳೆಯ ಅಳಿದಿದ್ದಾನೆ. ಕೊನೆಗೆ ಸರೋವರದಲ್ಲಿ ಅಡಗಬೇಕಾದ ಸ್ಥಿತಿ ಬಂದಿದೆ. ತೊಡೆ ಮುರಿಸಿಕೊಂಡು ಬೀಳುವುದೂ, ಕಿರೀಟಕ್ಕೆ ಒದೆಸಿಕೊಳ್ಳುವುದೂ ಘನತೆಯ ಸಾವಲ್ಲ. ಆದರೂ ಅವನು ಓದುಗರ ದೃಷ್ಟಿಯಲ್ಲಿ ಬೆಳೆಯುತ್ತ ಹೋಗುತ್ತಾನೆ. ಪಂಪನೂ ತನ್ನ ಕಾವ್ಯದ ಕೊನೆಯಲ್ಲಿ ಅವನನ್ನು ಛಲಕ್ಕಾಗಿ ಸ್ಮರಿಸಿದ್ದಾನೆ. ಅಧಿಕಾರ ಕುಗ್ಗಿದಂತೆಲ್ಲ ದುರ್ಯೋಧನನ ವ್ಯಕ್ತಿತ್ವ ಹಿಗ್ಗುತ್ತದೆ. ಸರುಮಾನನಲ್ಲಿ ಎರಡೂ ಒಟ್ಟಿಗೆ ಕುಗ್ಗುತ್ತವೆ.

ಈ ವ್ಯತ್ಯಾಸಕ್ಕೆ ಛಲವೊಂದೇ ಕಾರಣವೆನ್ನಲಾಗದು. ಛಲ ಸರುಮಾನನಲ್ಲಿಯೂ ಇದೆ. ಅವನು ಕೊಟ್ಟ ಅವಕಾಶಗಳನ್ನೆಲ್ಲ ತಿರಸ್ಕರಿಸಿದವನು. ನಿಜವಾದ ಕಾರಣ ರಣಭೂಮಿಯ ಸನ್ನಿವೇಶದಲ್ಲಿದೆ. ಸಂಜಯನೊಡನೆ ಕಳೇಬರಗಳ ನಡುವೆ ನಡೆಯುವ ದುರ್ಯೋಧನ ದ್ರೋಣನನ್ನು ಕಂಡು ಮರುಗುತ್ತಾನೆ, ಶತ್ರುಪಕ್ಷದ ಅಭಿಮನ್ಯುವಿನ ಶೌರ್ಯವನ್ನು ಮೆಚ್ಚಿ ಕೈಮುಗಿಯುತ್ತಾನೆ, ದುಶ್ಶಾಸನನನ್ನು ಕಂಡು ಅಣ್ಣನಾಗಿ ನಾಚುತ್ತಾನೆ, ಕರ್ಣನ ಮುಂದೆ ಕುಸಿಯುತ್ತಾನೆ. ಇತರರಿಗಾಗಿ ದುಃಖಿಸಬಲ್ಲ ಶಕ್ತಿ ಅವನಲ್ಲಿ ಉಳಿದಿದೆ. ಓದುಗರು ಅವನಿಗಾಗಿ ದುಃಖಿಸಲು ಸಾಧ್ಯವಾಗುವುದು ಅವನು ಇತರರಿಗಾಗಿ ದುಃಖಿಸಿದ್ದರಿಂದ. ಸರುಮಾನ್ ಯಾರಿಗಾಗಿಯೂ ದುಃಖಿಸುವುದಿಲ್ಲ. ಜೊತೆಗೆ ಉಳಿದ ಒಬ್ಬನೇ ಒಬ್ಬನನ್ನು ಅವನು ಒದೆಯುತ್ತಾನೆ. ದುರ್ಯೋಧನನ ಹಿರಿಮೆ ಕರ್ಣನೊಡನಿದ್ದ ನಂಟಿನಿಂದ ಬಂದುದಾದರೆ, ಸರುಮಾನನ ಮರಣ ಗ್ರೀಮಾನೊಡನೆ ಇಲ್ಲದಿದ್ದ ನಂಟಿನಿಂದ ಬಂದುದು. ಆದ್ದರಿಂದ ಪ್ರತಿನಾಯಕನ ಸಾವಿನ ಘನತೆಯನ್ನು ಅಳೆಯುವಾಗ ಅವನ ಬಲವನ್ನಾಗಲಿ, ಕೊಲ್ಲುವವನ ಕೀರ್ತಿಯನ್ನಾಗಲಿ ನೋಡಿದರೆ ಸಾಲದು; ಸಾಯುವ ಹೊತ್ತಿಗೆ ಅವನಿಗೆ ಯಾರು ಉಳಿದಿದ್ದಾರೆ ಎಂಬುದನ್ನು ನೋಡಬೇಕಾಗುತ್ತದೆ.

6. ಕೊಲ್ಲದ ನಾಯಕ

ಓದುಗರ ನಿರಾಶೆಗೆ ಇನ್ನೊಂದು ಕಾರಣ, ಕೊಲ್ಲಬೇಕಾದವನು ಕೊಲ್ಲದಿರುವುದು. ಫ್ರೋಡೊ ಇಡೀ ಅಧ್ಯಾಯದಲ್ಲಿ ಕತ್ತಿ ಹಿರಿಯುವುದಿಲ್ಲ. ಕ್ರಿಸ್ಟೋಫರ್ ಟೋಲ್ಕೀನ್ ಸಂಪಾದಿಸಿದ ‘ಸೌರಾನ್ ಡಿಫೀಟೆಡ್’ (1992) ಸಂಪುಟದಲ್ಲಿರುವ ಕರಡುಗಳು ಈ ದೃಷ್ಟಿಯಿಂದ ಮಹತ್ತ್ವದವು. ಮೊದಲ ಕರಡಿನಲ್ಲಿ ಶಾರ್ಕಿ ಸರುಮಾನನಲ್ಲ, ದುರುಳರ ಒಬ್ಬ ಮುಖಂಡ. ಅಲ್ಲಿ ಫ್ರೋಡೊ ಸ್ವತಃ ಹೋರಾಡಿ ಅವನನ್ನು ಕೊಲ್ಲುತ್ತಾನೆ. ಅಂದರೆ ಓದುಗರು ಬಯಸುವ ಮುಕ್ತಾಯ ಲೇಖಕನಿಗೆ ಹೊಳೆಯದೆ ಹೋದುದಲ್ಲ, ಬರೆದು ಕೈಬಿಟ್ಟದ್ದು. ಶಾರ್ಕಿಯ ಜಾಗಕ್ಕೆ ಸರುಮಾನ್ ಬಂದಾಗ ಕೊಲ್ಲುವ ಫ್ರೋಡೊ ಮರೆಯಾಗಿ ಕ್ಷಮಿಸುವ ಫ್ರೋಡೊ ಕಾಣಿಸಿಕೊಂಡ.

ನಾಯಕನು ಕೊಲ್ಲದ ಕಥನವೂ ಕನ್ನಡಕ್ಕೆ ಅಪರಿಚಿತವಲ್ಲ. ಜೈನ ರಾಮಾಯಣ ಪರಂಪರೆಯಲ್ಲಿ ರಾಮನು ಬಲದೇವ, ಲಕ್ಷ್ಮಣನು ವಾಸುದೇವ, ರಾವಣನು ಪ್ರತಿವಾಸುದೇವ. ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಮೋಕ್ಷಗಾಮಿಯಾದ ರಾಮನ ಕೈಗೆ ಆ ಹಿಂಸೆ ಅಂಟುವುದಿಲ್ಲ. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ ಈ ಪರಂಪರೆಯ ಕಾವ್ಯ. ಅಲ್ಲಿನ ರಾವಣನನ್ನು ಬಿ.ಎಂ.ಶ್ರೀ. ಅವರು ದುರಂತ ನಾಯಕನಾಗಿ ಕಂಡದ್ದು ಸುಪ್ರಸಿದ್ಧ. ರಾಮನು ಕೊಲ್ಲದಿದ್ದರೂ ಆ ಮರಣ ಕ್ಷುದ್ರವಾಗಿಲ್ಲ, ಏಕೆಂದರೆ ರಾವಣನಲ್ಲಿ ಪಶ್ಚಾತ್ತಾಪ ಹುಟ್ಟಿದೆ. ಕೊಲ್ಲುವ ಕೈ ಯಾರದೆಂಬುದು ಸಾವಿನ ಗಾತ್ರವನ್ನು ನಿರ್ಧರಿಸುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ. ಆದರೆ ಒಂದು ಅಂತರವಿದೆ. ಜೈನ ಕಥನದಲ್ಲಿ ಕೊಲ್ಲುವ, ಕೊಲ್ಲದಿರುವ ಪಾತ್ರಗಳು ಮೊದಲೇ ಹಂಚಿಕೆಯಾಗಿವೆ. ಫ್ರೋಡೊಗೆ ಅಂತಹ ವಿಧಿಯ ಆಸರೆಯಿಲ್ಲ. ಉಂಗುರವನ್ನು ಬೆಂಕಿಗೆಸೆಯಬೇಕಾದ ಕ್ಷಣದಲ್ಲಿ ತಾನೇ ಸೋತವನು ಅವನು. ಬಿದ್ದವನನ್ನು ಕಂಡಾಗ ಅವನಿಗೆ ಹುಟ್ಟುವ ಕರುಣೆ ಆ ಸೋಲಿನ ಅನುಭವದಿಂದ ಬಂದುದು.

ಹಾಗಿದ್ದೂ ಅವನ ಕರುಣೆ ಯಾರನ್ನೂ ಉಳಿಸುವುದಿಲ್ಲ. ಸರುಮಾನ್ ಸಾಯುತ್ತಾನೆ, ಗ್ರೀಮಾ ಸಾಯುತ್ತಾನೆ. ಫ್ರೋಡೊಗೆ ಆರೋಗ್ಯವೂ ದೀರ್ಘಾಯುಷ್ಯವೂ ದೊರೆಯದೆಂದು ಸರುಮಾನ್ ಹೇಳಿದ ಮಾತು ಒಂದು ಅರ್ಥದಲ್ಲಿ ನಿಜವೂ ಆಗುತ್ತದೆ. ಗಾಯಗಳು ಮಾಯದೆ ಅವನು ಕೊನೆಗೆ ತನ್ನ ನಾಡನ್ನೇ ಬಿಟ್ಟು ಹಡಗನ್ನೇರುತ್ತಾನೆ. ಸಾವಿನ ಕ್ಷುದ್ರತೆಗಿಂತ ಈ ಕರುಣೆಯ ನಿಷ್ಫಲತೆಯೇ ಓದುಗರನ್ನು ಹೆಚ್ಚು ಕಲಕುವಂತಹುದು. ಫಲ ಸಿಗದೆಂದು ಗೊತ್ತಿದ್ದೂ ಮಾಡಬೇಕಾದ ಕೆಲಸ ಕ್ಷಮೆ ಎಂಬುದು ಇಲ್ಲಿಯ ಧ್ವನಿ.

7. ನಿರಾಶೆಗಳೆಲ್ಲ ಒಂದೇ ಅಲ್ಲ

ಮೇಲಿನ ವಿವೇಚನೆಯಿಂದ ಮೂರು ಪ್ರಶ್ನೆಗಳನ್ನು ಮಾನದಂಡಗಳಾಗಿ ರೂಪಿಸಿಕೊಳ್ಳಬಹುದು. ಒಂದು, ಸಾವಿನ ಕಾರಣ ಪ್ರತಿನಾಯಕನ ಹಿಂದಿನ ನಡೆಯಲ್ಲಿದೆಯೆ? ಎರಡು, ಅದಕ್ಕೆ ಕೃತಿ ಮೊದಲಿನಿಂದ ಸಿದ್ಧತೆ ನಡೆಸಿದೆಯೆ? ಮೂರು, ಆ ಸಾವಿನ ಹೊರೆ ಬದುಕಿ ಉಳಿದವರ ಮೇಲೆ ಬೀಳುತ್ತದೆಯೆ? ಈ ಪ್ರಶ್ನೆಗಳನ್ನು ಇನ್ನೆರಡು ಪರಿಚಿತ ಪ್ರಸಂಗಗಳಿಗೆ ಅನ್ವಯಿಸಿ ನೋಡಬಹುದು.

ಟೋಲ್ಕೀನ್‌ನದೇ ‘ದಿ ಹಾಬಿಟ್’ (1937) ಕಾದಂಬರಿಯಲ್ಲಿ ಸ್ಮಾಗ್ ಎಂಬ ಡ್ರ್ಯಾಗನ್ ಸಾಯುವುದು ನಾಯಕ ಬಿಲ್ಬೊನ ಕಣ್ಣೆದುರಲ್ಲ. ಸರೋವರದ ಪಟ್ಟಣದಲ್ಲಿ, ಅದೇ ಅಧ್ಯಾಯದಲ್ಲಿ ಕಥೆಯೊಳಗೆ ಬಂದ ಬಾರ್ಡ್ ಎಂಬವನ ಕಪ್ಪು ಬಾಣಕ್ಕೆ ಅದು ಬಲಿಯಾಗುತ್ತದೆ. ಕೊಲ್ಲುವವನ ಪರಿಚಯಕ್ಕೆ ಸಾಕಷ್ಟು ಸಿದ್ಧತೆಯಿಲ್ಲವೆಂಬ ಆಕ್ಷೇಪವನ್ನು ಇಲ್ಲಿ ಒಪ್ಪಬೇಕಾಗುತ್ತದೆ. ಆದರೆ ಡ್ರ್ಯಾಗನ್ನಿನ ಎದೆಯ ಎಡಭಾಗದ ತೆರಪನ್ನು ಕಂಡುಹಿಡಿದವನು ಬಿಲ್ಬೊ. ಹೊಗಳಿಕೆಗೆ ಉಬ್ಬಿ ಅದನ್ನು ತೋರಿಸಿಕೊಂಡದ್ದು ಸ್ಮಾಗ್. ಮೂರನೆಯ ಪ್ರಶ್ನೆಗೂ ಸಮರ್ಪಕ ಉತ್ತರವಿದೆ: ಡ್ರ್ಯಾಗನ್ ಸತ್ತ ಮೇಲೆ ಒಡೆಯನಿಲ್ಲದ ಚಿನ್ನಕ್ಕಾಗಿ ಕುಬ್ಜರೂ ಎಲ್ಫ್‌ಗಳೂ ಮನುಷ್ಯರೂ ಎದುರುಬದುರಾಗುತ್ತಾರೆ. ಡ್ರ್ಯಾಗನ್ ಸತ್ತರೂ ಅದರ ಲೋಭ ಸಾಯುವುದಿಲ್ಲ.

ಜೆ.ಕೆ. ರೋಲಿಂಗ್ ಅವರ ‘ಹ್ಯಾರಿ ಪಾಟರ್ ಅಂಡ್ ದಿ ಡೆತ್ಲಿ ಹಾಲೋಸ್’ (2007) ಕಾದಂಬರಿಯಲ್ಲಿ ವೋಲ್ಡಮಾರ್ಟ್ ತನ್ನದೇ ಮಾರಣಮಂತ್ರ ತಿರುಗಿಬಡಿದು ಸಾಯುತ್ತಾನೆ. ಏಳು ಸಂಪುಟಗಳಲ್ಲಿ ಮರಣವನ್ನು ಮೀರಲು ಹೆಣಗಿದವನು ಸಾಮಾನ್ಯ ಮನುಷ್ಯನ ಶವವಾಗಿ ನೆಲಕ್ಕೆ ಬೀಳುವುದು ಅರ್ಥಪೂರ್ಣವಾಗಿಯೇ ಇದೆ. ಮೊದಲ ಪ್ರಶ್ನೆಯನ್ನು ಈ ಸಾವು ಗೆಲ್ಲುತ್ತದೆ. ಎರಡನೆಯದರಲ್ಲಿ ತೊಡಕಿದೆ. ಗೆಲುವು ನಿಂತಿರುವುದು ಮಂತ್ರದಂಡದ ಒಡೆತನ ಯಾರಿಂದ ಯಾರಿಗೆ ಬಂದಿತೆಂಬ ಸೂಕ್ಷ್ಮ ನಿಯಮದ ಮೇಲೆ. ಅದರ ಪೂರ್ಣ ವಿವರಣೆ ಬರುವುದು ಕೊನೆಯ ಮುಖಾಮುಖಿಯ ಸಂಭಾಷಣೆಯಲ್ಲಿ. ನೈತಿಕವಾಗಿ ಸಿದ್ಧಗೊಂಡ ಸಾವು ತಾಂತ್ರಿಕವಾಗಿ ಅವಸರದ್ದೆನಿಸುತ್ತದೆ. ಇಲ್ಲಿ ಓದುಗರ ನಿರಾಶೆ ಭಾಗಶಃ ನ್ಯಾಯವಾದುದೇ. 2011ರ ಚಲನಚಿತ್ರ ಅವನ ದೇಹವನ್ನು ಚೂರುಚೂರಾಗಿ ಗಾಳಿಯಲ್ಲಿ ಹಾರಿಸಿತು. ನೋಟ ದೊಡ್ಡದಾಯಿತು; ಎಲ್ಲರೆದುರು ಬಿದ್ದಿರುವ ಶವವೆಂಬ ಕಾದಂಬರಿಯ ಮುಖ್ಯ ಅರ್ಥ ಕಳೆದುಹೋಯಿತು.

ಸರುಮಾನನ ಸಾವಿಗೂ ತೆರೆಯ ಮೇಲೆ ಇಂತಹದೇ ಪಾಡು ಬಂದಿತು. ಪೀಟರ್ ಜಾಕ್ಸನ್ ನಿರ್ದೇಶನದ ‘ದಿ ರಿಟರ್ನ್ ಆಫ್ ದಿ ಕಿಂಗ್’ 2003ರ ಡಿಸೆಂಬರ್‌ನಲ್ಲಿ ಚಿತ್ರಮಂದಿರಗಳಿಗೆ ಬಂದಾಗ ಕ್ರಿಸ್ಟೋಫರ್ ಲೀ ಅಭಿನಯಿಸಿದ ಸರುಮಾನನ ಮರಣದೃಶ್ಯವೇ ಅದರಲ್ಲಿರಲಿಲ್ಲ. 2004ರ ವಿಸ್ತೃತ ಆವೃತ್ತಿಯಲ್ಲಿ ಗ್ರೀಮಾ ಅವನನ್ನು ಓರ್ಥಾಂಕಿನ ತುದಿಯಲ್ಲಿ ಇರಿಯುತ್ತಾನೆ; ಅವನು ಕೆಳಗುರುಳಿ ಚಕ್ರವೊಂದರ ಮೊಳೆಗೆ ಸಿಕ್ಕಿ ಸಾಯುತ್ತಾನೆ. ಕೊಲೆಗಾರ ಅವನೇ, ಆದರೆ ಸ್ಥಳ ಬೇರೆ. ಗೋಪುರದಿಂದ ಬೀಳುವವನು ಗೋಪುರದ ಎತ್ತರವನ್ನು ತನ್ನೊಡನೆ ಒಯ್ಯುತ್ತಾನೆ. ಹಳ್ಳಿಯ ಬಾಗಿಲಲ್ಲಿ ಬೀಳುವವನಿಗೆ ಆ ಎತ್ತರವಿಲ್ಲ. ಮೂರು ಪ್ರಶ್ನೆಗಳಲ್ಲಿ ಕೊನೆಯದು ಚಿತ್ರದಲ್ಲಿ ಹುಟ್ಟುವುದೇ ಇಲ್ಲ, ಏಕೆಂದರೆ ಅಲ್ಲಿ ಶೈರ್ ಹಾಳಾಗುವುದಿಲ್ಲ.

ಟೋಲ್ಕೀನ್‌ನ ಕೃತಿಯನ್ನೂ ಸಂಪೂರ್ಣವಾಗಿ ದೋಷಮುಕ್ತವೆನ್ನಲಾಗದು. ಮೂರನೆಯ ಅಧ್ಯಾಯದಲ್ಲಿಯೇ ಉಂಗುರ ನಾಶವಾಗಿ ಕಥೆಯ ಬಿಗಿ ಸಡಿಲಿದ ಮೇಲೆ, ಪಟ್ಟಾಭಿಷೇಕ, ವಿವಾಹ, ವಿದಾಯಗಳೆಲ್ಲ ಮುಗಿದ ಮೇಲೆ ಈ ಕೊನೆಯ ಕಾಳಗ ಬರುತ್ತದೆ. ಹೊತ್ತು ಮೀರಿ ಬಂದ ಘಟನೆಯೆಂದು ಓದುಗರಿಗೆ ಅನಿಸಿದರೆ ಅದು ಅವರ ತಪ್ಪಲ್ಲ. ಆದರೆ ಗ್ರಂಥದ ಅನುಬಂಧದಲ್ಲಿರುವ ಕಾಲಾನುಕ್ರಮಣಿಕೆ ಒಂದು ಸಂಗತಿಯನ್ನು ದಾಖಲಿಸಿದೆ. ಸೌರಾನ್ ಬಿದ್ದದ್ದು ಮಾರ್ಚ್ 25ರಂದು. ಉಂಗುರದ ಯುದ್ಧ ಮುಗಿ��ಿತೆಂದು ಬರೆದಿರುವುದು ನವೆಂಬರ್ 3ರ ಎದುರು, ಬೈವಾಟರ್ ಕಾಳಗ ಮತ್ತು ಸರುಮಾನನ ಮರಣದೊಂದಿಗೆ. ಕೃತಿಯ ಲೆಕ್ಕದಲ್ಲಿ ಯುದ್ಧ ಮುಗಿಯುವುದು ಜ್ವಾಲಾಮುಖಿಯಲ್ಲಲ್ಲ, ಮನೆಯ ಬಾಗಿಲಲ್ಲಿ.

8. ಸಮಾರೋಪ

ಒಟ್ಟಿನಲ್ಲಿ, ಪ್ರತಿನಾಯಕನ ಸಾವಿನಿಂದ ಓದುಗರು ಎರಡನ್ನು ಬಯಸುತ್ತಾರೆ: ಕೇಡಿಗೆ ಶಿಕ್ಷೆಯಾಗಬೇಕು, ಆ ಶಿಕ್ಷೆ ಕೇಡಿನಷ್ಟೇ ದೊಡ್ಡದಾಗಿರಬೇಕು. ಎರಡನೆಯ ಬಯಕೆಯಲ್ಲಿ ಕೇಡಿಗೆ ಸಲ್ಲುವ ಒಂದು ಗುಪ್ತ ಗೌರವವಿದೆ. ಭವ್ಯವಾಗಿ ಸತ್ತ ಪ್ರತಿನಾಯಕ ತಾನು ಭವ್ಯವಾಗಿದ್ದೆನೆಂಬುದನ್ನು ಸಾವಿನಲ್ಲಿಯೂ ಸಾಧಿಸಿಕೊಳ್ಳುತ್ತಾನೆ. ದುರ್ಯೋಧನನಿಗೆ ಆ ಗೌರವ ಸಲ್ಲಬೇಕಾದುದು ಅವನು ಕರ್ಣನಿಗಾಗಿ ಅತ್ತದ್ದರಿಂದ. ಯಾರಿಗಾಗಿಯೂ ಅಳದವನಿಗೆ ಅದನ್ನು ಸಲ್ಲಿಸಲು ಟೋಲ್ಕೀನ್ ನಿರಾಕರಿಸಿದ್ದಾನೆ. ಸರುಮಾನ್ ಸತ್ತ ಮೇಲೆ ಅವನ ಬಗೆಗೆ ಮಾತು ಬೆಳೆಯುವುದಿಲ್ಲ. ಇದು ಯುದ್ಧದ ಕಟ್ಟಕಡೆಯೆಂದು ಫ್ರೋಡೊ ಆಶಿಸಿದರೆ, ಹೊಲಸೆಲ್ಲ ತೊಳೆಯುವವರೆಗೆ ಕೊನೆಯೆನ್ನಲಾಗದೆಂದು ಸ್ಯಾಮ್ ಹೇಳುತ್ತಾನೆ. ಅವನು ಮುಂದೆ ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಕಡಿದ ಮರಗಳ ಜಾಗದಲ್ಲೆಲ್ಲ ಸಸಿ ನೆಡುವುದು.